ಪಾಲಿಕೆ, ಪಂಚಾಯ್ತಿ ಫೈಲಿಗೆ ಹತ್ತುವಂಥ ಕಾಲೇಜ್ ಪ್ರಾಜೆಕ್ಟ್ ಮಾಡೂದು ಹೆಂಗ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಹುಡುಗ್ರಿಗೆ ಪೂರ್ತಿ ಮಾರ್ಗದರ್ಶಿ

ನಾನು ಸಿವಿಲ್ ಫೈನಲ್ ಇಯರ್ ಇದ್ದಾಗ ನಾವು ನಾಲ್ಕು ಮಂದಿ ಸೇರಿ ಒಂದು ಓಣಿ ಗಟಾರದ ಮ್ಯಾಲೆ ಪ್ರಾಜೆಕ್ಟ್ ಮಾಡಿದ್ವಿ, ಜೋರ್ ಮಳಿ ಬಂದ್ರ ಮನಿಯೊಳಗ ನೀರು ನುಗ್ಗೂ ಓಣಿ ಅದು. ತೊಂಬತ್ತು ಪೇಜ್ ರಿಪೋರ್ಟ್, ಕಲರ್ ಮ್ಯಾಪ್, ಮೂವತ್ತು ವರ್ಷದ ಮಳಿ ಲೆಕ್ಕ, ಎಲ್ಲಾ ಬೈಂಡ್ ಮಾಡ್ಸಿ ವಾರ್ಡ್ ಇಂಜಿನಿಯರ್ ಕೈಯಾಗ ಕೊಟ್ವಿ. ಅವ್ರು ಸಮಾಧಾನದಿಂದ ಪೂರ್ತಿ ತಿರುವಿ ನೋಡಿ ಒಂದ ಮಾತು ಕೇಳಿದ್ರು: "ತಮ್ಮಾ, ಈ ಗಟಾರ ಹೋಗಿ ನಾಲಾಕ್ಕ ಕೂಡ್ತೈತಲ್ಲ, ಅಲ್ಲಿ ತಳದ ಲೆವೆಲ್ ಎಷ್ಟೈತಿ?" ಗಟಾರದ ತಳ ಅಲ್ಲಿ ಎಷ್ಟು ಎತ್ತರದಾಗೈತಿ ಅನ್ನೋ ಅದೊಂದು ನಂಬರ್ ನಮ್ಮ ಕಡೆ ಇರ್ಲಿಲ್ಲ. ಅದಿಲ್ದ ಎಸ್ಟಿಮೇಟ್ ಆಗಂಗಿಲ್ಲ, ಎಸ್ಟಿಮೇಟ್ ಇಲ್ದ ಕೆಲಸ ಆಗಂಗಿಲ್ಲ, ಆ ವರ್ಷದ ಮಳಿಗಾಲದಾಗ ಮತ್ತ ಅದ ಮನಿಗಳಿಗೆ ನೀರು ಹೊಕ್ತು.

ಆಮ್ಯಾಲೆ ಬಹಳ ವರ್ಷ ಹುಡುಗ್ರ ತಂಡಗಳ ಜೋಡಿ ಇಂಥಾ ಕೆಲಸ ಮಾಡ್ಕೋತ ಬಂದೀನಿ. ಇಂಜಿನಿಯರ್ ಸಾಹೇಬ್ರಿಗೆ ಆಗ್ಲಿ ಪಿಡಿಓಗೆ ಆಗ್ಲಿ ದೊಡ್ಡ ಐಡಿಯಾ ಕಡಿಮಿ ಬಿದ್ದಿಲ್ಲ, ಒಬ್ರ ಕೈಯಾಗ ಎಷ್ಟೋ ಓಣಿ ಇರ್ತಾವ, ಅಳತಿ ಮಾಡಾಕ ಟೈಮ್ ಮತ್ತ ಮಂದಿ ಸಾಲಂಗಿಲ್ಲ. ಆ ಅಳತಿ ನಾವು ಮಾಡಿ, ಚೆಕ್ ಮಾಡಿ, ಅವ್ರ ಫೈಲಿಗೆ ಹತ್ತೂ ಹಂಗ, ಅವ್ರಿಗೆ ಬೇಕಾದ ತಿಂಗಳದಾಗ ಕೊಡ್ಬೇಕು. ಈ ಗೈಡ್ ಪೂರ್ತಿ ಅದರ ಮ್ಯಾಲೆ ಐತಿ.

ಇದು ಬ್ಯಾರೆ ಕಡೆ ಪದ್ಧತಿ ಆಗಿ ನಡದೈತಿ. ಅಮೆರಿಕದ ಒರೆಗಾನ್ ಯೂನಿವರ್ಸಿಟಿಯವ್ರು 2009ರಾಗ ಶುರು ಮಾಡಿದ್ರು, ಒಂದು ವರ್ಷಕ್ಕ ಒಂದ ಊರು ಹಿಡಿತಾರ, ಆ ಊರಿನ ಆಡಳಿತ ಕೇಳಿದ ಪ್ರಶ್ನೆಗಳನ್ನ ಬ್ಯಾರೆ ಬ್ಯಾರೆ ಡಿಪಾರ್ಟ್‌ಮೆಂಟಿನ ಕ್ಲಾಸಿಗೆ ಹಂಚತಾರ, ಪಾಠದ ಭಾಗ ಆಗಿನ ಹುಡುಗ್ರು ಅದನ್ನ ಮಾಡ್ತಾರ. ನಮ್ಮಲ್ಲಿ ಏನು ಕಡಿಮಿ ಐತಿ ಹೇಳ್ರಿ? ಅವಳಿ ನಗರದಾಗ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಕೆಎಲ್‌ಇ ಟೆಕ್, ಎಸ್‌ಡಿಎಂ, ಐಐಟಿ, ಐಐಐಟಿ, ನೀರು-ನೆಲದ ವಿಷಯಕ್ಕಂತನ ಇರೂ ವಾಲ್ಮಿ. ಗದಗದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಾನ ಐತಿ, ಹಾವೇರಿಯಾಗ ಸರ್ಕಾರಿ ಇಂಜಿನಿಯರಿಂಗ್ ಕಾಲೇಜ್ ಐತಿ.

ಹಂತ 1: ಅದು ಯಾರ ಕೆಲಸ ಅಂತ ಮೊದ್ಲ ಗೊತ್ತು ಮಾಡ್ಕೊಳ್ರಿ

ಒಂದ ರಸ್ತೆ ಮ್ಯಾಲೆ ನಿಂತ್ರ ನಾಲ್ಕು ಇಲಾಖೆ ಇರ್ತಾವ. ಓಣಿ ರಸ್ತೆ, ಗಟಾರ, ಕಸ ಪಾಲಿಕೆದು. ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಹೆಸ್ಕಾಂದು. ರಾಜ್ಯ ಹೆದ್ದಾರಿ ಪಿಡಬ್ಲ್ಯೂಡಿದು, ನ್ಯಾಷನಲ್ ಹೈವೇಗೆ ಆಫೀಸ ಬ್ಯಾರೆ. ಚಿಗರಿ ಬಸ್ಸಿನ ಕಾರಿಡಾರ್‌ಗೆ ಪ್ರತ್ಯೇಕ ಬಿಆರ್‌ಟಿಎಸ್ ಕಂಪನಿ ಐತಿ. ಹೊಸ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲಾಂದ್ರ ನಗರಾಭಿವೃದ್ಧಿ ಪ್ರಾಧಿಕಾರ, ಅಂದ್ರ ಹುಡಾಕ್ಕ ಹೋಗ್ಬೇಕಾಗ್ತೈತಿ. ಇದನ್ನ ತಪ್ಪು ಮಾಡಿದ್ರ ಆರು ತಿಂಗಳ ಕೆಲಸ "ಇದು ನಮಗ ಬರಂಗಿಲ್ಲ ನೋಡ್ರಿ" ಅನ್ನೋ ಒಂದು ಮಾತಿಗೆ ಹೋಗಿಬಿಡ್ತೈತಿ.

ಹುಬ್ಬಳ್ಳಿ-ಧಾರವಾಡ ಪಾಲಿಕೆ 1962ರಾಗ ಆಗಿದ್ದು, ವಾರ್ಡ್ ಮೊದ್ಲ 67 ಇದ್ವು, 2021ರ ಚುನಾವಣಿ ಹೊತ್ತಿಗೆ 82 ಆದ್ವು. ಅದಕ್ಕ ಸೀನಿಯರ್ಸ್ ರಿಪೋರ್ಟ್‌ನಾಗಿನ ವಾರ್ಡ್ ನಂಬರ್ ಹಿಡ್ಕೊಂಡು ಹೋಗ್ಬ್ಯಾಡ್ರಿ, ವಲಯ ಕಚೇರಿಯಾಗ ಈಗಿನ ಗಡಿ ಕೇಳ್ಕೊಳ್ರಿ.

ಹಳ್ಳಿ ಆದ್ರ ಪಿಡಿಓ ಹತ್ರ ಹೋಗ್ರಿ, ಆದ್ರ ಎಸ್ಟಿಮೇಟ್ ಬರೆಯಾವ್ರು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಜೂನಿಯರ್ ಇಂಜಿನಿಯರ್ (ಜೆಇ) ಅನ್ನೋದು ನೆನಪಿರ್ಲಿ, ಇಬ್ರನ್ನೂ ಭೇಟಿ ಆಗ್ಬೇಕು. ಕೆರಿ ವಿಷಯ ಆದ್ರ ಅಚ್ಚುಕಟ್ಟು, ಅಂದ್ರ ಆ ಕೆರಿ ನೀರು ಉಣಿಸೂ ಹೊಲ, ಎಷ್ಟೈತಿ ಕೇಳ್ರಿ, 40 ಹೆಕ್ಟೇರ್‌ಗಿಂತ ಕಡಿಮಿ ಇದ್ರ ಪಂಚಾಯತ್ ವ್ಯವಸ್ಥೆಗೆ ಬರ್ತೈತಿ, ಅದಕ್ಕಿಂತ ಹೆಚ್ಚಾದ್ರ ಸಣ್ಣ ನೀರಾವರಿ ಇಲಾಖೆ. ಜಾಗ ಸರ್ಕಾರದ್ದೋ ಖಾಸಗಿದೋ ಅಂತ ಮೊದಲನೇ ಅಂದಾಜಿಗೆ ದಿಶಾಂಕ್ ಆ್ಯಪ್‌ನಾಗ ಅಲ್ಲೇ ನಿಂತು ಸರ್ವೆ ನಂಬರ್ ನೋಡ್ರಿ, ಆದ್ರ ಅದು ಬರೇ ಅಂದಾಜಿಗೆ, ಗಡಿ ಅಂತ ರಿಪೋರ್ಟ್‌ನಾಗ ಗೆರಿ ಎಳಿಬ್ಯಾಡ್ರಿ, ಅದನ್ನ ಸರ್ವೇಯರ್ ಮಾಡ್ಬೇಕು.

ಹಂತ 2: ಪ್ರಶ್ನೆ ಸಣ್ಣದು ಮಾಡ್ರಿ, ಇನ್ನೂ ಸಣ್ಣದು ಮಾಡ್ರಿ

"ಹುಬ್ಬಳ್ಳಿ ಟ್ರಾಫಿಕ್ ಸಮಸ್ಯೆಗೆ ಪರಿಹಾರ" ಅಂದ್ರ ಅದನ್ನ ಯಾರಿಗೂ ಕೊಡಾಕ ಬರಂಗಿಲ್ಲ. "ಈ ಸಾಲಿ ಗೇಟಿನಿಂದ ಆ ಬಸ್ ಸ್ಟಾಪ್ ತನಕ 340 ಮೀಟರ್‌ನಾಗ ಫುಟ್‌ಪಾತ್ ಎಲ್ಲೆಲ್ಲಿ ಕಡದೈತಿ, ಎಲ್ಲೆಲ್ಲಿ 1.8 ಮೀಟರ್‌ಗಿಂತ ಕಡಿಮಿ ಐತಿ" ಅಂದ್ರ ಅದನ್ನ ಒಬ್ಬ ಇಂಜಿನಿಯರ್ ಈ ವರ್ಷದ ಕ್ರಿಯಾ ಯೋಜನೆಯಾಗ ಹಾಕ್ಬಹುದು. 1.8 ಮೀಟರ್ ಅನ್ನೋದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೂ ಕನಿಷ್ಠ ನಡಿಯೂ ಅಗಲ, ಇಂಥಾ ಒಂದು ಮಾನದಂಡ ಪ್ರಶ್ನೆದಾಗ ಇದ್ರ ಉತ್ತರ ಗಟ್ಟಿ ಆಗ್ತೈತಿ.

ನಾನು ಹುಡುಗ್ರಿಗೆ ಒಂದು ಪರೀಕ್ಷೆ ಇಡ್ತೀನಿ: ಈ ಪ್ರಶ್ನೆಗೆ ಈ ವರ್ಷ ಉತ್ತರ ಬೇಕಾಗಿರೂ ಒಬ್ಬ ಅಧಿಕಾರಿ ಯಾರು, ಅವ್ರ ಹುದ್ದೆ ಹೇಳ್ರಿ. ಹೇಳಾಕ ಆಗ್ಲಿಲ್ಲಾಂದ್ರ ಪ್ರಶ್ನೆ ಇನ್ನೂ ತಯಾರಾಗಿಲ್ಲ. ಈ ಪರೀಕ್ಷೆ ಪಾಸ್ ಆಗೂ ಒಂದಿಷ್ಟು ಪ್ರಶ್ನೆ ಹೇಳ್ತೀನಿ. ಒಂದು ವಾರ್ಡಿನ ಗಟಾರಗಳ ಲೆವೆಲ್ ಮ್ಯಾಪ್. ಗದಗ ಜಿಲ್ಲೆದಾಗ ಫ್ಲೋರೈಡ್ ತೊಂದ್ರಿ ಇರೂದ್ರಿಂದ ಒಂದು ಪಂಚಾಯ್ತಿಯ ಎಲ್ಲಾ ಬೋರ್‌ಗಳ ನೀರು ಟೆಸ್ಟ್ ಮಾಡಿ, ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದು ಯಾವು ಅಂತ ಪಟ್ಟಿ. ಬ್ಯಾಡಗಿಯಾಗ ಮೆಣಸಿನಕಾಯಿ ಸೀಸನ್‌ನಾಗ ಮಾರ್ಕೆಟ್ ರಸ್ತೆಯ ಲಾರಿ ಎಣಿಕಿ. ಅಂಗನವಾಡಿ ಕಟ್ಟಡಗಳ ಸೋರಿಕಿ, ಶೌಚಾಲಯ, ನೀರಿನ ಸ್ಥಿತಿ. ಯಾವುದೂ ಪೇಪರ್‌ನಾಗ ಫೋಟೋ ಬರೂವಂಥಾ ವಿಷಯ ಅಲ್ಲ, ಆದ್ರ ಎಲ್ಲಾ ನಾಳೆ ಬೇಕಾಗೂವಂಥಾವು.

ಹಂತ 3: ಪತ್ರ, ಪರವಾನಗಿ

ಎಂಓಯು ಗಿಎಂಓಯು ಅಂತ ತಿಂಗಳಗಟ್ಟಲೆ ಕಾಯಬ್ಯಾಡ್ರಿ, ಮೊದಲನೇ ಪ್ರಾಜೆಕ್ಟಿಗೆ ಪ್ರಿನ್ಸಿಪಾಲ್ ಸಹಿ ಇರೂ ಒಂದ ಪುಟದ ಕನ್ನಡ ಪತ್ರ ಸಾಕು. ಏನು ಅಳಿತೀವಿ, ಯಾವ ಜಾಗಾದಾಗ, ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಏನು ಕೊಡ್ತೀವಿ, ನಿಮ್ಮಿಂದ ಏನೇನು ಕಾಗದ ಬೇಕು. ಆಫೀಸಿನಾಗ ಪತ್ರ ತಗೊಳ್ಳೂ ಆವಕ ವಿಭಾಗದಾಗ ಕೊಟ್ಟು ಸೀಲ್ ಹಾಕಿಸ್ಕೊಂಡು ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ರಿ, ಓಣಿಯಾಗ ಯಾರಾದ್ರೂ "ನೀವ್ಯಾರಪ್ಪ" ಅಂದಾಗ ಅದ ತೋರಿಸ್ಬೇಕು. ಹಳೇ ಡ್ರಾಯಿಂಗ್, ಪೈಪ್‌ಲೈನ್ ಮ್ಯಾಪ್ ಬೇಕಂದ್ರ ಮೊದ್ಲ ಕೂತು ಬಾಯಿಮಾತಿಲೆ ಕೇಳ್ರಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಐತಿ, ಅದು ನಮ್ಮ ಹಕ್ಕ, ಆದ್ರ ಸಹಾಯ ಮಾಡ್ತೀನಿ ಅಂತ ಹೋಗಿ ಮೊದಲನೇ ದಿನಾನ ಆರ್‌ಟಿಐ ಅರ್ಜಿ ಹಾಕಿದ್ರ ಮಾತು ಅಲ್ಲೇ ನಿಲ್ತೈತಿ.

ಹುಡುಗ್ರ ಕಡೆಯಿಂದ ನೋಡಿದ್ರ, ವಿಟಿಯು ಬಿಇ ಹುಡುಗ್ರಿಗೆ 100 ಆ್ಯಕ್ಟಿವಿಟಿ ಪಾಯಿಂಟ್ಸ್ ಬೇಕ ಬೇಕು, ಎನ್ನೆಸ್ಸೆಸ್‌ನಾಗ ವರ್ಷಕ್ಕ 120 ತಾಸು ಸೇವಾ ಐತಿ, ಉನ್ನತ ಭಾರತ ಅಭಿಯಾನದಾಗ ಕಾಲೇಜಿಗೆ ದತ್ತು ಹಳ್ಳಿ ಇರ್ತಾವ, ಪಾಲಿಕೆಗಳಾಗ ಇಂಟರ್ನ್‌ಶಿಪ್‌ಗೆ 2020ರಾಗ ಬಂದ ಟ್ಯುಲಿಪ್ ಅನ್ನೋ ಯೋಜನಾ ಐತಿ. ಯಾವುದರೊಳಗ ಕೂಡಿಸ್ಬಹುದು ಅಂತ ನಿಮ್ಮ ಗೈಡ್ ಸರ್ ಇಲ್ಲಾ ಮೇಡಂ ಹತ್ರ ಮೊದ್ಲ ಮಾತಾಡಿ ಇಟ್ಕೊಳ್ರಿ.

ಹಂತ 4: ಕ್ಯಾಲೆಂಡರ್

ಸೆಮಿಸ್ಟರ್ ಒಂದು ಕಡೆ ಓಡ್ತೈತಿ, ಸರ್ಕಾರದ ವರ್ಷ ಇನ್ನೊಂದು ಕಡೆ. ಪಾಲಿಕೆ ಬಜೆಟ್ ಮಾರ್ಚ್ ಹೊತ್ತಿಗೆ ಆಗ್ತೈತಿ, ಪಂಚಾಯ್ತಿ ಮುಂದಿನ ವರ್ಷದ ಯೋಜನಾ ತಯಾರಿ ಅಕ್ಟೋಬರ್ 2ರ ಆಸುಪಾಸು ಶುರು ಆಗ್ತೈತಿ. ಅಂದ್ರ ನಿಮ್ಮ ಅಂಕಿ ಡಿಸೆಂಬರ್ ಒಳಗ ಅವ್ರ ಟೇಬಲ್ ಮ್ಯಾಲೆ ಇರ್ಬೇಕು. ಮೇ ತಿಂಗಳದಾಗ ಕೊಟ್ಟ ರಿಪೋರ್ಟ್ ಎಷ್ಟ ಚಂದ ಇದ್ರೂ ಒಂದು ವರ್ಷ ಕಾಯಬೇಕು. ಮಾರ್ಚ್‌ದಾಗ ಅಂತೂ ಯಾವ ಇಂಜಿನಿಯರ್‌ಗೂ ತೊಂದ್ರಿ ಕೊಡಬ್ಯಾಡ್ರಿ, ಬಿಲ್ ಪಾಸ್ ಮಾಡೂದ್ರಾಗ ಅವ್ರಿಗೆ ಊಟಕ್ಕೂ ಟೈಮ್ ಇರಂಗಿಲ್ಲ. ಚುನಾವಣಿ ನೀತಿ ಸಂಹಿತೆ ಬಂತಂದ್ರ ಹೊಸ ಕೆಲಸದ ನಿರ್ಧಾರ ನಿಲ್ತಾವ, ಆದ್ರ ಅಳತಿ ನಡೀತೈತಿ.

ನಾನು ಹೇಳೂದು ಜೂನ್-ಜುಲೈದಾಗ ಪ್ರಶ್ನೆ ಹಿಡೀರಿ, ಮಳಿ ಇದ್ದಾಗನ ನೀರು ಎಲ್ಲಿ ನಿಲ್ತೈತಿ ನೋಡ್ರಿ, ಸೆಪ್ಟೆಂಬರ್ ಅಕ್ಟೋಬರ್‌ದಾಗ ಅಳೀರಿ, ನವೆಂಬರ್‌ದಾಗ ಲೆಕ್ಕ, ಡಿಸೆಂಬರ್‌ದಾಗ ಕೊಡ್ರಿ. ಲಾರಿ ಎಣಿಕಿ ಮಾಡಾವ್ರು ಮಾತ್ರ ಸೀಸನ್ ನೋಡ್ಕೋಬೇಕು, ಬ್ಯಾಡಗಿ ಮಾರ್ಕೆಟ್ ರಸ್ತೆಯಾಗ ಜುಲೈದಾಗ ಎಣಿಸಿದ್ರ ಖಾಲಿ ರಸ್ತೆಯ ಲೆಕ್ಕ ಬರ್ತೈತಿ.

ಹಂತ 5: ತಂಡ, ಮತ್ತ ಮೊದಲನೇ ವಾರ ಬರೇ ಕೇಳೂದು

ಬರೇ ಸಿವಿಲ್ ಹುಡುಗ್ರ ತಂಡ ಮಾಡಬ್ಯಾಡ್ರಿ. ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯ) ಓದೂ ಒಬ್ರು ಇಬ್ರು, ಭೂಗೋಳ ಇಲ್ಲಾ ಕಂಪ್ಯೂಟರ್‌ನಾಗ ಮ್ಯಾಪ್ ಮಾಡೂ ಜಿಐಎಸ್ ಬರಾವ್ರು ಒಬ್ರು ಇರ್ಲಿ. ಹುಡುಗ್ಯಾರು ತಂಡದಾಗ ಇರ್ಲೇಬೇಕು, ಯಾಕಂದ್ರ ನೀರು ಎಷ್ಟು ದಿನಕ್ಕ ಬರ್ತೈತಿ, ರಾತ್ರಿ ಎಷ್ಟಕ್ಕ ಎದ್ದು ತುಂಬ್ತಾರ, ಶೌಚಾಲಯಕ್ಕ ಎಷ್ಟು ದೂರ ಹೋಗ್ತಾರ, ಈ ಮಾತು ಮನಿ ಹೆಣ್ಮಕ್ಕಳು ಹುಡುಗ್ರ ಮುಂದ ಬಿಚ್ಚಿ ಹೇಳಂಗಿಲ್ಲ.

ಮೊದಲನೇ ವಾರ ಟೇಪ್ ಹೊರಗ ತಗೀಬ್ಯಾಡ್ರಿ. ನೀರು ಬಿಡಾವ್ರ ಜೋಡಿ ಒಂದು ರೌಂಡ್ ಅಡ್ಡ್ಯಾಡ್ರಿ, ಯಾವ ವಾಲ್ವ್ ಎಷ್ಟು ಸುತ್ತು ತಿರುವಿದ್ರ ಯಾವ ಓಣಿಗೆ ನೀರು ಹೋಗ್ತೈತಿ ಅನ್ನೋದು ಬಹಳ ಕಡೆ ಅವ್ರ ತಲಿಯೊಳಗ ಮಾತ್ರ ಇರ್ತೈತಿ, ಮ್ಯಾಪ್‌ನಾಗ ಇರಂಗಿಲ್ಲ, ಅವ್ರು ರಿಟೈರ್ ಆದ್ರ ಅದೂ ಹೋತು. ಪೌರಕಾರ್ಮಿಕರನ್ನ ಕೇಳ್ರಿ, ಗಟಾರ ಎಲ್ಲಿ ಪದೇ ಪದೇ ಕಟ್ಟಿಕೊಳ್ತೈತಿ ಅಂತ, ಕಣ್ಣು ಮುಚ್ಚಿ ಹೇಳ್ತಾರ. ಕಟ್ಟಿ ಮ್ಯಾಲೆ ಕೂತ ಯಜಮಾನ್ರನ್ನ ಕೇಳ್ರಿ, "ಅಜ್ಜಾರ, ಮೊದ್ಲ ಇಲ್ಲಿ ಹಳ್ಳ ಇತ್ತೇನ್ರಿ?" ಬಹಳ ಕಡೆ ಇದ್ದ ಇರ್ತೈತಿ, ಅದರ ಮ್ಯಾಲ ಲೇಔಟ್ ಆಗಿರ್ತೈತಿ, ನೀರು ತನ್ನ ಹಳೇ ದಾರಿ ಬಿಟ್ಟಿರಂಗಿಲ್ಲ. ಹೋದ ಮಳಿಯಾಗ ನೀರು ಎಲ್ಲಿ ತನಕ ಬಂದಿತ್ತು ಅಂತ ಮನಿಯವ್ರು ಗ್ವಾಡಿ ಮ್ಯಾಲೆ ಕೈ ಇಟ್ಟು ತೋರಿಸ್ತಾರ, ಆ ಎತ್ತರ ಅಳದು ಬರ್ಕೊಳ್ರಿ, ಅದು ಯಾವ ಮಾಡೆಲ್‌ಗಿಂತ ಗಟ್ಟಿ ಸಾಕ್ಷಿ.

ಹಂತ 6: ಅಳತಿ

ಇಲ್ಲಿ ಸ್ವಲ್ಪ ನಿಧಾನ ಓದ್ರಿ, ಬಹಳ ತಂಡಗಳು ಕೆಡೂದು ಇಲ್ಲೇ.

ಮೊಬೈಲ್ ಜಿಪಿಎಸ್ ಜಾಗ ಗುರುತಿಗೆ ಒಳ್ಳೇದು, ಆಕಾಶ ಬಿಚ್ಚಿದ್ದಲ್ಲಿ ಐದು ಮೀಟರ್ ಆಸುಪಾಸು ತಪ್ಪು ಬರ್ತೈತಿ, ಕಂಬ, ಮ್ಯಾನ್‌ಹೋಲ್, ಬೋರ್ ಎಲ್ಲೈತಿ ಅಂತ ಮ್ಯಾಪ್ ಮಾಡಾಕ ಸಾಕು. ಆದ್ರ ಎತ್ತರಕ್ಕ ಮೊಬೈಲ್ ನಂಬಲೇಬ್ಯಾಡ್ರಿ. 200 ಮೀಟರ್ ಗಟಾರಕ್ಕ 1:200 ಇಳಿಜಾರು ಅಂದ್ರ ಪೂರ್ತಿ ಇಳಿತ ಒಂದು ಮೀಟರ್ ಅಷ್ಟ, ಮೊಬೈಲ್ ತೋರ್ಸೂ ಎತ್ತರದಾಗ ತಪ್ಪ ಅದಕ್ಕಿಂತ ದೊಡ್ಡದಿರ್ತೈತಿ. ಫ್ರೀ ಸಿಗೂ ಸ್ಯಾಟಲೈಟ್ ಎತ್ತರದ ಡೇಟಾನೂ ಅಷ್ಟ, 30 ಮೀಟರ್‌ಗೆ ಒಂದು ಪಾಯಿಂಟ್, ಅದ್ರಾಗೂ ಮೀಟರ್‌ಗಟ್ಟಲೆ ತಪ್ಪು, ದೊಡ್ಡ ಹಳ್ಳದ ಜಲಾನಯನ ನೋಡಾಕ ನಡೀತೈತಿ, ಓಣಿ ಗಟಾರಕ್ಕ ನಡಿಯಂಗಿಲ್ಲ.

ಅದಕ್ಕ ಕಾಲೇಜ್ ಲ್ಯಾಬಿನಾಗ ಎತ್ತರ ಅಳಿಯೂ ಆಟೋ ಲೆವೆಲ್ ಯಂತ್ರ ಇರ್ತೈತಲ್ಲ, ಅದನ್ನ ತಗೊಂಡು ಹೋಗ್ರಿ. ಎಲ್ಲಾ ಎತ್ತರ ಹೋಲ್ಸಿ ನೋಡಾಕ ಒಂದು ಗಟ್ಟಿ ಬೆಂಚ್‌ಮಾರ್ಕ್ ಇಡ್ರಿ, ಸಾಲಿ ಮೆಟ್ಟಲ, ಗುಡಿ ಕಟ್ಟಿ, ಜರುಗಂಗಿಲ್ಲ ಅನ್ನೂವಂಥಾ ಜಾಗ. ಗಟಾರ ತಳದ ಲೆವೆಲ್, ದಂಡಿ ಲೆವೆಲ್, ರಸ್ತೆ ನಡುವಿನ ಲೆವೆಲ್, ಮನಿ ಹೊಸ್ತಿಲ ಲೆವೆಲ್, ನಾಲ್ಕೂ 10 ಮೀಟರ್‌ಗೆ ಒಂದು ಸಲ ತಗೊಳ್ರಿ. ಕಡೀಗೆ ಮತ್ತ ಅದ ಬೆಂಚ್‌ಮಾರ್ಕಿಗೆ ಬಂದು ಮುಟ್ರಿ, ಒಂದು ಕಿಲೋಮೀಟರ್ ಸುತ್ತಿ ಬಂದ್ರ 24 ಮಿಲಿಮೀಟರ್ ಒಳಗ ಕೂಡ್ಬೇಕು, ಕೂಡ್ಲಿಲ್ಲಾಂದ್ರ ಮತ್ತ ಮಾಡ್ರಿ, ಲೆಕ್ಕದಾಗ ಹೊಂದಿಸಿ ಬರೀಬ್ಯಾಡ್ರಿ. ಆಟೋ ಲೆವೆಲ್ ಸಿಗ್ಲಿಲ್ಲಾಂದ್ರ ಗೌಂಡಿಗಳು ಬಳಸೂ ಟ್ರಾನ್ಸ್‌ಪರೆಂಟ್ ನೀರಿನ ಪೈಪ್ ಐತಲ್ಲ, ಒಳಗ ಗುಳ್ಳಿ ಇಲ್ದಂಗ ನೀರು ತುಂಬಿದ್ರ ಸಣ್ಣ ಓಣಿಗೆ ಅದೂ ಸಾಕಾಗ್ತೈತಿ. ರಸ್ತೆಯಿಂದ ಹೊಸ್ತಿಲ ಎಷ್ಟು ಮ್ಯಾಲೈತಿ ಅನ್ನೋದನ್ನ ಮರೀಬ್ಯಾಡ್ರಿ, ಹಳೇ ರಸ್ತೆ ಮ್ಯಾಲೆ ಹೊಸ ಕಾಂಕ್ರೀಟ್ ಹಾಕ್ಕೋತ ಹೋಗಿ ಮನಿಗಳು ತಗ್ಗಿಗೆ ಬಿದ್ದದ್ದು ಎಷ್ಟೋ ಕಡೆ ನೋಡೀನಿ, ಅಲ್ಲಿ ಗಟಾರ ಎಷ್ಟ ಅಗಲ ಮಾಡಿದ್ರೂ ನೀರು ಒಳಗ ಬರ್ತೈತಿ.

ಒಂದು ಮಾತು ಕಡ್ಡಾಯ: ಮ್ಯಾನ್‌ಹೋಲ್ ಒಳಗ, ಮುಚ್ಚಿದ ಗಟಾರದೊಳಗ ಯಾರೂ ಇಳಿಯೂ ಹಂಗಿಲ್ಲ, ನೀವೂ ಇಳಿಬ್ಯಾಡ್ರಿ, ಬ್ಯಾರೆಯವ್ರನ್ನೂ ಇಳಸಬ್ಯಾಡ್ರಿ. ಒಳಗಿನ ಗ್ಯಾಸ್ ಒಂದೆರಡು ಉಸಿರಿನ್ಯಾಗ ಜೀವ ತಗೀತೈತಿ, ಸ್ವಚ್ಛ ಮಾಡಾಕ ಅಂತ ಬ್ಯಾರೆಯವ್ರನ್ನ ಒಳಗ ಇಳಸೂದು 2013ರ ಕಾಯ್ದೆ ಪ್ರಕಾರ ಅಪರಾಧಾನೂ ಹೌದು. ಮ್ಯಾಲಿಂದ ಕೋಲು ಇಳಿಸಿ ಆಳ ನೋಡ್ರಿ, ಅಷ್ಟ ಸಾಕು.

ಮಣ್ಣು ಬರ್ಕೊಳ್ರಿ. ಧಾರವಾಡ ಕಡೆ ಕೆಂಪು ಮಸಾರಿ ಸಿಗ್ತೈತಿ, ಹುಬ್ಬಳ್ಳಿ ದಾಟಿ ನವಲಗುಂದ, ಗದಗ, ರೋಣ ಕಡೆ ಹೋದ್ರ ಎರಿ. ಎರಿ ಮಣ್ಣು ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ, ಗಟಾರದ ಗ್ವಾಡಿ ಒಳಗ ವಾಲೂದು, ರಸ್ತೆ ಉದ್ದಕ್ಕ ಸೀಳೂದು ಅದಕ್ಕ. ಲ್ಯಾಬ್‌ನಾಗ ಮಣ್ಣು ಎಷ್ಟು ಉಬ್ಬತೈತಿ ಅನ್ನೋ ಫ್ರೀ ಸ್ವೆಲ್ ಟೆಸ್ಟ್ ಮತ್ತ ನಾಲ್ಕು ದಿನ ನೀರಾಗ ನೆನಸಿದ ಮಣ್ಣು ಎಷ್ಟು ಭಾರ ತಡಿತೈತಿ ಅನ್ನೋ ಸಿಬಿಆರ್ ಟೆಸ್ಟ್ ಮಾಡಿ ಕೊಟ್ರ ಜೆಇಗೆ ದೊಡ್ಡ ಉಪಕಾರ.

ಹಂತ 7: ಲೆಕ್ಕ ಸಣ್ಣದಿರ್ಲಿ, ಬಿಚ್ಚಿ ತೋರಿಸ್ರಿ

ಸಾಫ್ಟ್‌ವೇರ್ ಬ್ಯಾಡ ಅನ್ನಂಗಿಲ್ಲ, ಆದ್ರ ಇಂಜಿನಿಯರ್ ತಮ್ಮ ಕ್ಯಾಲ್ಕ್ಯುಲೇಟರ್‌ನಾಗ ಮತ್ತ ಮಾಡಿ ನೋಡೂ ಹಂಗಿರ್ಬೇಕು. ಒಂದು ಉದಾಹರಣೆ ಹಿಡೀರಿ. ಆರು ಹೆಕ್ಟೇರ್ ಅಂದ್ರ ಸುಮಾರು ಹದಿನೈದು ಎಕರೆ ಜಾಗದ ನೀರು ಒಂದು ಗಟಾರಕ್ಕ ಬರ್ತೈತಿ, ಮನಿ ದಟ್ಟ ಅದಾವ ಅಂತ ಹರಿವಿನ ಗುಣಾಂಕ (ಬಿದ್ದ ಮಳಿಯಾಗ ಹರಿದು ಬರೂ ಪಾಲು) 0.7, ಮಳಿ ತಾಸಿಗೆ 50 ಮಿಲಿಮೀಟರ್ ರಭಸ. 6 ಗುಣಿಸು 0.7 ಗುಣಿಸು 50, ಭಾಗಿಸು 360 (ಹೆಕ್ಟೇರ್, ಮಿಲಿಮೀಟರ್, ತಾಸು ಇವನ್ನ ಘನ ಮೀಟರ್, ಸೆಕೆಂಡಿಗೆ ತರೂ ಅಂಕಿ ಅದು). ಸೆಕೆಂಡಿಗೆ 0.58 ಘನ ಮೀಟರ್ ನೀರು.

ಈಗ ಗಟಾರ ನೋಡ್ರಿ, 60 ಸೆಂಟಿಮೀಟರ್ ಅಗಲ, 60 ಆಳ, ಕಾಂಕ್ರೀಟ್, 1:200 ಇಳಿಜಾರು. ಗಟಾರ ಎಷ್ಟು ನೀರು ಹರಸ್ತೈತಿ ಅಂತ ಲೆಕ್ಕ ಹಾಕೂ ಮ್ಯಾನಿಂಗ್ ಸೂತ್ರ ಹಾಕಿದ್ರ ತುಂಬಿ ಹರಿದಾಗ 0.58 ಹಿಡಿತೈತಿ, ಅಂದ್ರ ಬಾಯಿ ತನಕ ತುಂಬಿ ಹೆಂಗೋ ಪಾರಾಗ್ತೈತಿ. ಅದ ಗಟಾರದಾಗ 20 ಸೆಂಟಿಮೀಟರ್ ಹೂಳು ಕೂತ್ರ 0.35ಕ್ಕ ಇಳಿತೈತಿ. ಹೂಳಿಲ್ಲ, ಆದ್ರ ಇಳಿಜಾರು ನಿಜವಾಗಿ 1:800 ಐತಿ ಅಂದ್ರ 0.29, ಅರ್ಧಕ್ಕರ್ಧ. ಮೂರೂ ಕೇಸ್‌ನಾಗ ಮ್ಯಾಲಿಂದ ನೋಡಿದ್ರ ಗಟಾರ ಒಂದ ಥರ ಕಾಣ್ತೈತಿ. ಹೂಳಿನ ತೊಂದ್ರಿ ಇದ್ರ ತಗಿಯೂ ಖರ್ಚು, ಇಳಿಜಾರಿನ ತೊಂದ್ರಿ ಇದ್ರ ಪೂರ್ತಿ ಒಡದು ಕಟ್ಟೂ ಖರ್ಚು, ಇದನ್ನ ಬೇರ್ಪಡಿಸಿ ಹೇಳಾಕ ನಿಮ್ಮ ಲೆವೆಲ್ ಬಿಟ್ರ ಬ್ಯಾರೆ ದಾರಿ ಇಲ್ಲ. ಆ ಸಾಹೇಬ್ರು ನಮಗ ತಳದ ಲೆವೆಲ್ ಕೇಳಿದ್ದು ಯಾಕ ಅಂತ ನನಗ ತಿಳಿದದ್ದು ಈ ಲೆಕ್ಕ ಮಾಡಿದಾಗ.

ಅಂದಾಜು ವೆಚ್ಚ ಬರಿಯೂದಾದ್ರ ಪಿಡಬ್ಲ್ಯೂಡಿಯ ಚಾಲ್ತಿ ಎಸ್‌ಆರ್ (ಸರ್ಕಾರಿ ದರಪಟ್ಟಿ) ದರಾನ ಹಾಕ್ರಿ, ಅಂಗಡಿಯಾಗ ಕೇಳಿದ ರೇಟ್ ಹಾಕಬ್ಯಾಡ್ರಿ. ಉದ್ದ, ಅಗಲ, ಆಳ, ಪ್ರಮಾಣ ಅಂತ ಎಂಬಿ (ಇಂಜಿನಿಯರ್ ಅಳತಿ ಬರಿಯೂ) ಪುಸ್ತಕದ ಕಾಲಂ ಹೆಂಗಿರ್ತಾವೋ ಹಂಗ ಎಕ್ಸೆಲ್ ಮಾಡ್ರಿ. ಮತ್ತ ಇದು ಡ್ರಾಫ್ಟ್ ಅಂತ ದೊಡ್ಡದಾಗಿ ಬರೀರಿ, ಕಲ್ವರ್ಟ್, ರಿಟೇನಿಂಗ್ ವಾಲ್, ಟಾಕಿ ಇಂಥಾವುಗಳ ಸ್ಟ್ರಕ್ಚರಲ್ ಡಿಸೈನ್ ಕಟ್ಟಾಕ ಅಂತ ಕೊಡಬ್ಯಾಡ್ರಿ, ಅದಕ್ಕ ಜವಾಬ್ದಾರಿ ಹೊತ್ತು ಸಹಿ ಹಾಕೂ ಇಂಜಿನಿಯರ್ ಬೇಕು.

ಹಂತ 8: ಓಣಿಯವ್ರ ಮುಂದ ಇಡ್ರಿ, ಯಾರಿಗೂ ಪೆಟ್ಟಾಗದಂಗ ನೋಡ್ಕೊಳ್ರಿ

ಆಫೀಸಿಗೆ ಕೊಡೂಕಿಂತ ಮೊದ್ಲ ಓಣಿಯಾಗ ಒಂದು ಸಂಜಿ ಮ್ಯಾಪ್ ಹಾಸಿ ತೋರಿಸ್ರಿ, ಹಳ್ಳಿ ಆದ್ರ ವಾರ್ಡ್ ಸಭಾ, ಗ್ರಾಮ ಸಭಾದಾಗ. ತಪ್ಪು ಅಲ್ಲೇ ಸಿಗ್ತಾವ, "ಈ ಪೈಪ್ ಹಿಂಗ ಹೋಗಿಲ್ಲ, ಆ ಕಡೆಯಿಂದ ಬಂದೈತಿ" ಅಂತ ಒಬ್ಬಾಕಿ ಅಕ್ಕಾರು ಹೇಳಿದ್ದಕ್ಕ ನಾವು ಒಂದು ಸಲ ಪೂರ್ತಿ ಡ್ರಾಯಿಂಗ್ ಬದಲಿ ಮಾಡೀವಿ. ಏನೇ ಆದ್ರೂ "ರಸ್ತೆ ಆಗ್ತೈತಿ" ಅಂತ ಮಾತ್ರ ಮಾತು ಕೊಡಬ್ಯಾಡ್ರಿ, ಅದು ನಿಮ್ಮ ಕೈಯಾಗಿಲ್ಲ.

ನನಗ ಬಹಳ ಚಿಂತಿ ಮಾಡ್ಸಿದ ವಿಷಯ ಇನ್ನೊಂದೈತಿ. ಫುಟ್‌ಪಾತ್ ಸರ್ವೆ ಮಾಡುವಾಗ ತರಕಾರಿ ಗಾಡಿ, ಚಹಾದಂಗಡಿ ಎಲ್ಲಾ "ಅತಿಕ್ರಮಣ" ಅಂತ ಕೆಂಪು ಚುಕ್ಕಿ ಇಟ್ಟು ಕೊಟ್ರ ಆ ಮ್ಯಾಪ್ ಹಿಡ್ಕೊಂಡ ನಾಳೆ ಅವ್ರನ್ನ ಎಬ್ಬಿಸಬಹುದು. ಬೀದಿ ವ್ಯಾಪಾರಿಗಳ ಜೀವನಕ್ಕ 2014ರ ಕಾಯ್ದೆ ರಕ್ಷಣೆ ಕೊಟ್ಟೈತಿ. ಅದಕ್ಕ ಅವ್ರನ್ನ ಬಳಕೆದಾರರು ಅಂತ ಬರೀರಿ, ಗಾಡಿ ನಿಂತ ಮ್ಯಾಲೆ ನಡಿಯಾಕ ಎಷ್ಟು ಅಗಲ ಉಳಿತೈತಿ ಅಂತ ಅಳೀರಿ, ಜಾಗ ಹೆಂಗ ಹೊಂದಿಸ್ಬಹುದು ಅಂತ ಹೇಳ್ರಿ. ಮನಿಯವ್ರ ಹೆಸರು, ಫೋನ್ ನಂಬರ್, ಮುಖ ಕಾಣೂ ಫೋಟೋ ರಿಪೋರ್ಟ್‌ನಾಗ ಬ್ಯಾಡ.

ಹಂತ 9: ಕೊಡೂದು

ನಾಲ್ಕು ಪುಟದ ಕನ್ನಡ ಟಿಪ್ಪಣಿ ಮ್ಯಾಲೆ ಇರ್ಲಿ: ಪ್ರಶ್ನೆ ಏನು, ಹೆಂಗ ಅಳದ್ವಿ, ಏನು ಸಿಕ್ತು, ಯಾವ ಕೆಲಸ ಮೊದ್ಲ ಮಾಡ್ಬೇಕು. ಹಿಂದ ಡ್ರಾಯಿಂಗ್, ಲೆವೆಲ್ ಪುಸ್ತಕದ ಕಾಪಿ, ಎಕ್ಸೆಲ್ ಹಾಳಿ, ಎಷ್ಟನೇ ಮೀಟರ್‌ನಾಗ ತಗದದ್ದು ಅಂತ ಬರೆದ ಫೋಟೋ. ಪಿಡಿಎಫ್ ಒಂದ ಕೊಟ್ರ ಅವ್ರು ತಿದ್ದಾಕ ಬರಂಗಿಲ್ಲ, ಕ್ಯಾಡ್ ಮತ್ತ ಎಕ್ಸೆಲ್ ಫೈಲ್ ಸೈತ ಪೆನ್‌ಡ್ರೈವ್‌ನಾಗ ಹಾಕಿ ಕೊಡ್ರಿ, ಮೇಲ್ ಮಾಡಿದ್ದು ಹುಡುಕಾಕ ಸಿಗಂಗಿಲ್ಲ. ಒಂದು ಕಾಪಿ ಇಂಜಿನಿಯರ್‌ಗೆ, ಒಂದು ವಾರ್ಡ್ ಸದಸ್ಯರಿಗೆ, ಒಂದು ಆವಕದಾಗ ಸೀಲ್ ಹಾಕಿಸಿ. ಅಧಿಕಾರಿ ವರ್ಗಾವಣಿ ಆದ್ರ ಆ ಸೀಲ್ ನಂಬರ್ ಹಿಡ್ಕೊಂಡು ಹೊಸಬ್ರ ಹತ್ರ ಹೋಗ್ಬೇಕಾಗ್ತೈತಿ, ಬೆಂಚ್‌ಮಾರ್ಕ್ ಎಲ್ಲೈತಿ ಅನ್ನೋ ಫೋಟೋನೂ ಅದ್ರಾಗ ಇರ್ಲಿ.

ಹಂತ 10: ಮುಂದಿನ ಮಳಿಗೆ ಮತ್ತ ಹೋಗ್ರಿ

ನೀವು ಪಾಸ್ ಆಗಿ ಹೋಗಿರ್ತೀರಿ, ಅದಕ್ಕ ಜೂನಿಯರ್ ಇಬ್ಬರನ್ನ ಮೊದ್ಲ ಜೋಡಿ ಕರ್ಕೊಂಡು ಅಡ್ಡ್ಯಾಡ್ಸಿ ಇಡ್ರಿ. ಕೆಲಸ ಆಗಿದ್ರ ಮೊದಲನೇ ದೊಡ್ಡ ಮಳಿ ದಿನ ಅವ್ರು ಅದ ಓಣಿಗೆ ಹೋಗಿ ನೀರು ಎಲ್ಲಿ ತನಕ ಬಂತು ಅಂತ ಅದ ಗ್ವಾಡಿ ಗುರುತಿನ ಹತ್ರ ಅಳದು, ತಾರೀಖು ಟೈಮ್ ಬರದು, ಅರ್ಧ ಪುಟ ಇಂಜಿನಿಯರ್‌ಗೆ ಕೊಡ್ಲಿ. ಕೆಲಸ ಆಗಿಲ್ಲಾಂದ್ರೂ ಅಳದು ಕೊಡ್ಲಿ, ಹಳೇ ಆವಕ ನಂಬರ್ ಮ್ಯಾಲೆ ಬರದು.